‘ಸಾವಿರ ಪರ್ಸೆಂಟ್ ಡಿವಿಡೆಂಡ್ ಅಂತೆ ಸಾರ್!’

ವಾರಕ್ಕೊಬ್ಬರಾದರೂ ಫೋನ್ ಹಿಡಿದುಕೊಂಡು ಬಂದು ನನ್ನೆದುರು ಕೂರುತ್ತಾರೆ. "ಸಾರ್, ಈ ಕಂಪನಿ 1000% ಡಿವಿಡೆಂಡ್ ಕೊಡುತ್ತಂತೆ. ನನ್ನ ಹತ್ರ ಇಪ್ಪತ್ತು ಸಾವಿರ ಇದೆ, ಹಾಕಿಬಿಡ್ಲಾ?" ಹಾಕಿದರೆ ಎರಡು ಲಕ್ಷ ಬರುತ್ತೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ತಲೆಯೊಳಗೆ ಅದೇ ಲೆಕ್ಕ ಓಡುತ್ತಿರುತ್ತದೆ.

ಡಿವಿಡೆಂಡ್ ಅಂದರೆ ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು. ಆ ಪರ್ಸೆಂಟು ಷೇರಿನ ಮುಖಬೆಲೆಯ ಮೇಲೆ, ಅಂದರೆ ಕಂಪನಿ ಷೇರಿಗೆ ಗೊತ್ತುಮಾಡಿದ ಮೂಲ ಬೆಲೆಯ ಮೇಲೆ. ನೀವು ಕೊಟ್ಟ ದುಡ್ಡಿನ ಮೇಲೆ ಅಲ್ಲ. ಮುಖಬೆಲೆ ಸಾಮಾನ್ಯವಾಗಿ 1, 2, 5 ಇಲ್ಲವೇ 10 ರೂಪಾಯಿ, ಮಾರುಕಟ್ಟೆಯಲ್ಲಿ ಷೇರು ಎಷ್ಟಕ್ಕೆ ಹೋದರೂ ಅದು ಅಷ್ಟೇ ಇರುತ್ತದೆ. ಒಂದು ರೂಪಾಯಿ ಮುಖಬೆಲೆಗೆ 1000% ಅಂದರೆ ಹತ್ತು ರೂಪಾಯಿ. ಷೇರನ್ನು 500 ರೂಪಾಯಿಗೆ ಕೊಂಡಿದ್ದರೆ ನಿಮಗೆ ಸಿಕ್ಕಿದ್ದು ನೂರಕ್ಕೆ ಎರಡು. ಇಪ್ಪತ್ತು ಸಾವಿರಕ್ಕೆ ನಾಲ್ಕು ನೂರು. ಇನ್ನೊಮ್ಮೆ ಹೇಳ್ತೀನಿ, ನಾಲ್ಕು ನೂರು.

ನಂಬಿಕೆ ಬರದಿದ್ದರೆ ಟೈರ್ ಕಂಪನಿ ಎಂಆರ್‌ಎಫ್ ನೋಡಿ. 2023-24ಕ್ಕೆ ಷೇರಿಗೆ ಒಟ್ಟು 200 ರೂಪಾಯಿ ಕೊಟ್ಟಿತು. ಮುಖಬೆಲೆ 10, ಅಲ್ಲಿಗೆ 2000%! ಆದರೆ 2024ರ ಮೇ ತಿಂಗಳಲ್ಲಿ ಅದರ ಒಂದೊಂದು ಷೇರು ಲಕ್ಷ ರೂಪಾಯಿ ದಾಟಿತ್ತು. ನೂರು ರೂಪಾಯಿಗೆ ಇಪ್ಪತ್ತು ಪೈಸೆಯೂ ಬೀಳಲಿಲ್ಲ. ಕಂಪನಿ ಕೆಟ್ಟದ್ದು ಅಂತಲ್ಲ, ಡಿವಿಡೆಂಡ್ ಬೇಕು ಅನ್ನುವವರು ಹೋಗಬೇಕಾದ ಅಂಗಡಿ ಅದಲ್ಲ, ಅಷ್ಟೇ.

ಕೊಂಡ ಬೆಲೆಯ ಮೇಲೆ ಲೆಕ್ಕ ಹಾಕಿದರೂ ಪೂರ್ತಿ ನಂಬಬೇಡಿ. ಗಣಿ ಕಂಪನಿ ವೇದಾಂತ 2022-23ರಲ್ಲಿ ಷೇರಿಗೆ 101.50 ರೂಪಾಯಿ ಹಂಚಿತು, ಮರುವರ್ಷ 29.50. ಹೋದ ವರ್ಷದ್ದನ್ನು ನೋಡಿ ಈ ವರ್ಷದ ಸ್ಕೂಲ್ ಫೀಸಿಗೆ ಲೆಕ್ಕ ಇಟ್ಟವರ ಗತಿ ಏನು? ಅದಕ್ಕೇ ನಾನು ಐದಾರು ವರ್ಷದ್ದು ತೆಗೆದು ನೋಡಿ ಅನ್ನೋದು. ಯಾವ ಷೇರು ಕೊಳ್ಳಿ ಅಂತ ಮಾತ್ರ ಇಲ್ಲಿ ಬರೆಯಲ್ಲ. ನಿಮ್ಮ ಸಾಲ, ಸಂಬಳ ನೋಡದೆ ಹೇಳುವುದು ತಪ್ಪು. ಬಂದ ಡಿವಿಡೆಂಡು ನಿಮ್ಮ ಆದಾಯಕ್ಕೆ ಸೇರಿ ತೆರಿಗೆ ಬೀಳುತ್ತದೆ, ಅದೂ ತಲೆಯಲ್ಲಿರಲಿ.

ಒಬ್ಬ ನಿವೃತ್ತ ಮೇಷ್ಟ್ರಿಗೆ ಇದನ್ನೆಲ್ಲ ಹೇಳಿ ಮುಗಿಸಿದಾಗ ಅವರು ಸುಮ್ನೆ ನಗತೊಡಗಿದರು. ಮೂವತ್ತು ವರ್ಷ ಗಣಿತ ಪಾಠ ಮಾಡಿದವರು. "ಶೇಕಡ ಅಂದ ತಕ್ಷಣ ‘ಯಾವುದರ ಮೇಲೆ?’ ಅಂತ ಕೇಳ್ರೋ ಅಂತ ಹುಡುಗರ ಕಿವಿ ಹಿಂಡ್ತಿದ್ದೆ ಸಾರ್." ತಿಂಗಳಿಗೆ ಎರಡು ಸಾವಿರದಂತೆ ಷೇರು ಕೊಳ್ಳಲು ಶುರು ಮಾಡಿದರು. ಮೊದಲ ಡಿವಿಡೆಂಡ್ ಬಂದ ದಿನ ಬ್ಯಾಂಕಿನ ಮೆಸೇಜ್ ತೋರಿಸೋಕೆ ಬಿಸಿಲಲ್ಲಿ ನಡ್ಕೊಂಡು ಬಂದಿದ್ದರು. ಮೂವತ್ತಾರು ರೂಪಾಯಿ. ಇಬ್ಬರೂ ಕೆಳಗೆ ಹೋಗಿ ಕಾಫಿ ಕುಡಿದೆವು, ಕೈಯಿಂದ ನಾಲ್ಕು ರೂಪಾಯಿ ಸೇರಿಸಿ ಕೊಟ್ಟರು.