ಗ್ರೇಹೌಂಡ್ ಡರ್ಬಿ ಅಂದರೆ ಏನು?

1966ರಲ್ಲಿ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆಯಿತು. ಉರುಗ್ವೆ ಮತ್ತು ಫ್ರಾನ್ಸ್ ನಡುವಿನ ಪಂದ್ಯ ವೆಂಬ್ಲಿ ಸ್ಟೇಡಿಯಂನಲ್ಲಿ ಆಗಬೇಕಿತ್ತು, ಆಗಲಿಲ್ಲ. ಕಾರಣ ಮಳೆಯೂ ಅಲ್ಲ, ಗಲಾಟೆಯೂ ಅಲ್ಲ. ಆ ದಿನ ಶುಕ್ರವಾರ. ಶುಕ್ರವಾರ ರಾತ್ರಿ ವೆಂಬ್ಲಿಯಲ್ಲಿ ನಾಯಿ ಓಟ ಇರುತ್ತಿತ್ತು, ಅದನ್ನು ಒಂದು ದಿನದ ಮಟ್ಟಿಗೂ ನಿಲ್ಲಿಸಲು ಸ್ಟೇಡಿಯಂನವರು ಒಪ್ಪಲಿಲ್ಲ. ಕೊನೆಗೆ ವಿಶ್ವಕಪ್ಪೇ ಗಂಟುಮೂಟೆ ಕಟ್ಟಿಕೊಂಡು ಲಂಡನ್ನಿನ ಇನ್ನೊಂದು ಮೈದಾನ ವೈಟ್ ಸಿಟಿಗೆ ಹೋಯಿತು. ತಮಾಷೆ ಏನಂದರೆ ಆ ವೈಟ್ ಸಿಟಿಯೂ ನಾಯಿ ಓಟಕ್ಕೇ ಹೆಸರಾದ ಜಾಗ. ಇಂಗ್ಲಿಷ್ ಗ್ರೇಹೌಂಡ್ ಡರ್ಬಿ ಎಂಬ ಆ ದೇಶದ ಅತಿ ದೊಡ್ಡ ನಾಯಿ ಓಟ, ಯುದ್ಧದ ಕೆಲವು ವರ್ಷ ಬಿಟ್ಟರೆ, 1927ರಿಂದ 1984ರವರೆಗೆ ನಡೆದದ್ದು ಅಲ್ಲೇ.

ಹಳೇ ಕ್ರೀಡಾ ಸುದ್ದಿಗಳಲ್ಲಿ ಈ ಹೆಸರು ಆಗಾಗ ಎದುರಾಗುತ್ತದೆ. ಎರಡು ಪದ, ಎರಡರಲ್ಲೂ ಸ್ವಲ್ಪ ಗೊಂದಲ ಇದೆ. ಒಂದೊಂದಾಗಿ ಬಿಡಿಸೋಣ.

ಮೊದಲು ಗ್ರೇಹೌಂಡ್. ಮುಧೋಳ ನಾಯಿ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಅದೇ ಉದ್ದ ಮೂತಿ, ಅದೇ ಒಳಗೆ ಎಳೆದುಕೊಂಡಂತಿರುವ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು, ಉದ್ದ ಕಾಲು. ವಾಸನೆ ಹಿಡಿದು ಹೋಗುವ ನಾಯಿ ಅಲ್ಲ ಇದು, ಬೇಟೆಯನ್ನು ಕಣ್ಣಲ್ಲಿ ಕಂಡು ಅಟ್ಟಿಸಿಕೊಂಡು ಹೋಗುವ ಜಾತಿ. ಹೆಸರಿನಲ್ಲಿ 'ಗ್ರೇ' ಇದೆ ಅಂತ ಬೂದು ಬಣ್ಣದ ನಾಯಿ ಅಂದುಕೊಳ್ಳಬೇಡಿ. ಹಳೇ ಇಂಗ್ಲಿಷಿನ 'ಗ್ರಿಗ್‌ಹುಂಡ್' ಅನ್ನುವ ಪದ ಸವೆದು ಸವೆದು ಹೀಗಾಗಿದೆ, ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಕಪ್ಪು, ಕಂದು, ಬಿಳಿ, ಪಟ್ಟೆಪಟ್ಟೆ, ಎಲ್ಲಾ ಬಣ್ಣದಲ್ಲೂ ಇವೆ.

ಇನ್ನು ಡರ್ಬಿ. ನಮ್ಮಲ್ಲಿ ಡರ್ಬಿ ಅಂದ ತಕ್ಷಣ ನೆನಪಾಗುವುದು ಬೆಂಗಳೂರು ಡರ್ಬಿ, ಅಂದರೆ ಕುದುರೆ ರೇಸು. ಫುಟ್‌ಬಾಲ್ ನೋಡುವವರಿಗೆ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಥರ ಒಂದೇ ಊರಿನ ಎರಡು ತಂಡಗಳ ಜಿದ್ದಾಜಿದ್ದಿ. ಮೂಲದಲ್ಲಿ ಇದು ಒಬ್ಬ ಮನುಷ್ಯನ ಬಿರುದು. ಇಂಗ್ಲೆಂಡಿನ ಎಪ್ಸಮ್‌ನಲ್ಲಿ 1780ರಲ್ಲಿ ಶುರುವಾದ ಕುದುರೆ ಓಟಕ್ಕೆ ಡರ್ಬಿಯ 12ನೇ ಅರ್ಲ್ ಹೆಸರಿಟ್ಟರು. ಅರ್ಲ್ ಮತ್ತು ಅವನ ಗೆಳೆಯ ಬನ್ಬರಿ, ಇಬ್ಬರಲ್ಲಿ ಯಾರ ಹೆಸರಿಡುವುದು ಅಂತ ನಾಣ್ಯ ಚಿಮ್ಮಿದರಂತೆ. ಕತೆ ನಿಜವೋ ಸುಳ್ಳೋ, ನಾಣ್ಯ ಮಗುಚಿ ಬಿದ್ದಿದ್ದರೆ ಬೆಂಗಳೂರಿನಲ್ಲಿ ಇವತ್ತು 'ಬೆಂಗಳೂರು ಬನ್ಬರಿ' ನಡೆಯುತ್ತಿತ್ತು! ಬನ್ಬರಿಗೂ ಮೋಸ ಆಗಲಿಲ್ಲ ಬಿಡಿ, ಮೊದಲ ಡರ್ಬಿ ಗೆದ್ದದ್ದು ಅವನ ಕುದುರೆ ಡಯೋಮೆಡ್. ಅಂದಹಾಗೆ ಬ್ರಿಟಿಷರ ಬಾಯಲ್ಲಿ ಇದು 'ಡಾರ್ಬಿ'. ನಾವೂ ಅಮೆರಿಕದವರೂ ಡರ್ಬಿ ಅನ್ನುತ್ತೇವೆ.

ಆ ಓಟಕ್ಕೆ ಎಷ್ಟು ಹೆಸರು ಬಂತೆಂದರೆ, ಆಮೇಲೆ ಯಾರೇ ದೊಡ್ಡ ಓಟ ಶುರು ಮಾಡಿದರೂ ಅದಕ್ಕೆ ಡರ್ಬಿ ಅಂತ ಹೆಸರಿಡುವುದು ರೂಢಿಯಾಯಿತು. ನಾಯಿ ಓಟದವರೂ ಹಾಗೇ ಮಾಡಿದರು. ಡರ್ಬಿ ಒಂದೇ ಅಲ್ಲ, ಸೇಂಟ್ ಲೆಜರ್, ಸಿಸಾರವಿಚ್ ಅಂತ ಕುದುರೆ ರೇಸಿನ ಹೆಸರುಗಳನ್ನೆಲ್ಲ ಸಾಲಾಗಿ ಎರವಲು ತಂದರು. ಹೊಸದಾಗಿ ಹುಟ್ಟಿದ ಆಟಕ್ಕೆ ಹಳೇ ಮನೆತನದ ಹೆಸರು ಬೇಕಿತ್ತು, ಅಷ್ಟೇ.

ಹೊಸದು ಅಂದರೆ ನಿಜಕ್ಕೂ ಹೊಸದು. ನಾಯಿ ಬಿಟ್ಟು ಮೊಲ ಅಟ್ಟಿಸುವ ಆಟ ಹಳೆಯದು, ಅದರಲ್ಲಿ ಮೊಲ ಸಾಯುತ್ತಿತ್ತು. ಅಮೆರಿಕದ ಓವನ್ ಪ್ಯಾಟ್ರಿಕ್ ಸ್ಮಿತ್ ಎಂಬಾತ ಹಳಿಯ ಮೇಲೆ ಓಡುವ ಯಂತ್ರದ ಮೊಲ ಮಾಡಿ, 1919ರಲ್ಲಿ ಕ್ಯಾಲಿಫೋರ್ನಿಯಾದ ಎಮರಿವಿಲ್‌ನಲ್ಲಿ ಓಟದ ಟ್ರ್ಯಾಕ್ ತೆರೆದ. ಅದು ಬ್ರಿಟನ್ನಿಗೆ ಬಂದದ್ದು 1926ರ ಜುಲೈ 24ಕ್ಕೆ, ಮ್ಯಾಂಚೆಸ್ಟರ್‌ನ ಬೆಲ್ ವ್ಯೂ ಟ್ರ್ಯಾಕಿಗೆ. ಮರುವರ್ಷವೇ ಡರ್ಬಿ ಶುರು! ಮೊದಲ ಸಲ 500 ಗಜ, 1928ರಿಂದ 525 ಗಜ, ಅಂದರೆ ಸುಮಾರು 480 ಮೀಟರ್. ಮೊದಲ ಡರ್ಬಿ ಗೆದ್ದ ನಾಯಿಯ ಹೆಸರು ಎಂಟ್ರಿ ಬ್ಯಾಜ್.

ಓಟ ಹೇಗಿರುತ್ತದೆ ಅಂದರೆ, ಸಂಜೆ ಹೊತ್ತು, ಜನ ಕೂತ ಕಡೆ ದೀಪ ಮಂಕು, ಟ್ರ್ಯಾಕ್ ಮೇಲೆ ಮಾತ್ರ ಝಗಝಗ ಬೆಳಕು. ಆರು ನಾಯಿಗಳನ್ನು ಆರು ಪೆಟ್ಟಿಗೆಗಳೊಳಗೆ ನೂಕಿ ಹಿಂದಿನ ಬಾಗಿಲು ಹಾಕುತ್ತಾರೆ. ಈ ಪೆಟ್ಟಿಗೆಗೆ ಟ್ರ್ಯಾಪ್ ಅನ್ನುತ್ತಾರೆ. ಒಂದನೇ ಟ್ರ್ಯಾಪಿನ ನಾಯಿಗೆ ಕೆಂಪು ಜಾಕೆಟ್, ಎರಡಕ್ಕೆ ನೀಲಿ, ಮೂರಕ್ಕೆ ಬಿಳಿ, ನಾಲ್ಕಕ್ಕೆ ಕಪ್ಪು, ಐದಕ್ಕೆ ಕಿತ್ತಳೆ, ಆರಕ್ಕೆ ಕಪ್ಪು ಬಿಳಿ ಪಟ್ಟೆ. ಹಳಿ ಮೇಲೆ ಮೊಲ ಗರಗರ ಸದ್ದು ಮಾಡುತ್ತಾ ಹಿಂದಿನಿಂದ ಬರುತ್ತದೆ, ಒಳಗೆ ನಾಯಿಗಳು ಕುಂಯ್‌ಗುಡುತ್ತಾ ಕಾಲು ಕೆರೆಯುತ್ತವೆ, ಮೊಲ ಟ್ರ್ಯಾಪ್ ದಾಟಿದ್ದೇ ತಡ ಮುಂದಿನ ಬಾಗಿಲು ಪಟ್ ಅಂತ ಮೇಲೇಳುತ್ತದೆ. ಅರ್ಧ ನಿಮಿಷದಲ್ಲಿ ಎಲ್ಲಾ ಮುಗಿದು ಹೋಗುತ್ತದೆ. ಮೊಲ ಓಡಿಸುವುದಕ್ಕೂ ಒಬ್ಬ ಮನುಷ್ಯ ಇರುತ್ತಾನೆ, ಅವನ ಕೆಲಸ ಸುಮ್ನೆ ಅಲ್ಲ. ಮೊಲ ತೀರಾ ಮುಂದೆ ಹೋದರೆ ನಾಯಿಗಳಿಗೆ ಆಸಕ್ತಿ ಹೋಗುತ್ತದೆ, ತೀರಾ ಹತ್ತಿರ ಬಂದರೆ ಹಿಡಿದೇ ಬಿಡುತ್ತವೆ.

ಡರ್ಬಿ ಬೇರೆ ಓಟಗಳಿಗಿಂತ ಭಿನ್ನ ಆಗುವುದು ಎಲ್ಲಿ? ಕುದುರೆ ಡರ್ಬಿ ಒಂದೇ ಓಟ, ಗೆದ್ದರೆ ಗೆದ್ದ ಹಾಗೆ. ನಾಯಿಗಳ ಡರ್ಬಿ ಹಾಗಲ್ಲ. ಅದು ನಾಕೌಟ್. ಹೀಟ್ ಅನ್ನುವ ಮೊದಲ ಸುತ್ತಿನ ಓಟಗಳು, ಅದರಲ್ಲಿ ಮುಂದೆ ಬಂದವು ಮುಂದಿನ ಸುತ್ತಿಗೆ, ಆಮೇಲೆ ಸೆಮಿಫೈನಲ್, ಕೊನೆಗೆ ಫೈನಲ್. ಕೆಲವೇ ವಾರಗಳಲ್ಲಿ ಒಂದೇ ನಾಯಿ ಮತ್ತೆ ಮತ್ತೆ ಓಡಬೇಕು. ಬರೀ ವೇಗ ಸಾಲದು. ಮೊದಲ ತಿರುವಿನಲ್ಲಿ ಆರೂ ನಾಯಿಗಳು ಒಂದೇ ಸಲ ಒಳಗೆ ನುಗ್ಗುತ್ತವೆ, ಅಲ್ಲಿ ಡಿಕ್ಕಿ ತಪ್ಪಿಸಿಕೊಂಡವನೇ ಜಾಣ.

ಆ ಜಾಣ ಮಿಕ್ ದ ಮಿಲ್ಲರ್. (ನಾಯಿಯನ್ನು 'ಅವನು' ಅನ್ನುತ್ತಿದ್ದೇನೆ, ಸಹಿಸಿಕೊಳ್ಳಿ. ಇವನನ್ನು 'ಅದು' ಅನ್ನಲು ಮನಸ್ಸಾಗುವುದಿಲ್ಲ.) 1926ರಲ್ಲಿ ಐರ್ಲೆಂಡಿನ ಕಿಲ್ಲೀ ಎಂಬ ಹಳ್ಳಿಯಲ್ಲಿ ಹುಟ್ಟಿದ. ಸಾಕಿದವರು ಅಲ್ಲಿನ ಪಾದ್ರಿ, ಫಾದರ್ ಮಾರ್ಟಿನ್ ಬ್ರೋಫಿ. ಮರಿಯಾಗಿದ್ದಾಗ ಡಿಸ್ಟೆಂಪರ್ ಅನ್ನುವ ನಾಯಿಗಳ ಮಾರಕ ರೋಗ ಬಂದು ಬದುಕಿದ್ದೇ ಹೆಚ್ಚು. 1929ರ ಡರ್ಬಿಗೆ ಲಂಡನ್ನಿಗೆ ಬಂದವನು ಹೀಟ್‌ನಲ್ಲೇ 525 ಗಜವನ್ನು 29.82 ಸೆಕೆಂಡಿನಲ್ಲಿ ಓಡಿಬಿಟ್ಟ. ಆ ದೂರವನ್ನು 30 ಸೆಕೆಂಡಿಗಿಂತ ಕಡಿಮೆಯಲ್ಲಿ ಓಡಿದ ಮೊದಲ ನಾಯಿ ಇವನೇ. ಲೆಕ್ಕ ಹಾಕಿದರೆ ಸರಾಸರಿ ಗಂಟೆಗೆ 58 ಕಿಲೋಮೀಟರ್, ಅದೂ ತಿರುವುಗಳನ್ನೆಲ್ಲ ಸೇರಿಸಿ. ಪಾದ್ರಿಗಳು ಅಲ್ಲೇ ಹರಾಜು ಹಾಕಿದರು, ಒಬ್ಬ ಬುಕ್ಕಿ 800 ಗಿನಿ (ಪೌಂಡಿಗಿಂತ ಸ್ವಲ್ಪ ಹೆಚ್ಚಿನ ಹಳೇ ಬ್ರಿಟಿಷ್ ಹಣ) ಕೊಟ್ಟು ಕೊಂಡ.

ಫೈನಲ್‌ನಲ್ಲಿ ಮೊದಲ ತಿರುವಿನಲ್ಲೇ ನಾಯಿಗಳು ಒಂದಕ್ಕೊಂದು ಗುದ್ದಿಕೊಂಡವು. 'ನೋ ರೇಸ್' ಎಂದು ಘೋಷಿಸಿ ಮತ್ತೆ ಓಡಿಸಿದರು. ಮರು ಓಟದಲ್ಲಿ ಮಿಕ್ ಗೆದ್ದ. 1930ರಲ್ಲಿ ಮತ್ತೆ ಗೆದ್ದ. 1931ರಲ್ಲಿ ಅವನಿಗೆ ಐದು ವರ್ಷ, ಓಟದ ನಾಯಿಗೆ ಅದು ಮುದಿ ವಯಸ್ಸು. ಆದರೂ ಫೈನಲ್‌ನಲ್ಲಿ ಗೆರೆ ದಾಟಿದ ಮೊದಲಿಗ ಅವನೇ. ಆದರೆ ದಾರಿಯಲ್ಲಿ ರೈಲ್ಯಾಂಡ್ ಆರ್ ಅನ್ನುವ ನಾಯಿ ಪಕ್ಕದ್ದರ ಮೇಲೆ ತಿರುಗಿ ಬಿದ್ದಿತ್ತು, ಅದಕ್ಕೇ ಮತ್ತೆ ನೋ ರೇಸ್. ಸುಸ್ತಾದ ಮಿಕ್ ಮರು ಓಟದಲ್ಲಿ ಸೋತ, ಸೆಲ್ಡಮ್ ಲೆಡ್ ಗೆದ್ದ. ಮರು ಓಟ ಕೊಟ್ಟದ್ದನ್ನು ಮರು ಓಟವೇ ಕಿತ್ತುಕೊಂಡಿತು. ನನ್ನ ಪ್ರಕಾರ ಮೂರನೆಯದೂ ಅವನದೇ, ಆದರೆ ದಾಖಲೆಯಲ್ಲಿ ಎರಡೇ. ಎರಡು ಸಲ ಡರ್ಬಿ ಗೆದ್ದ ಇನ್ನೊಂದು ನಾಯಿ ಬರಲು 1973ರವರೆಗೆ ಕಾಯಬೇಕಾಯಿತು, ಅದರ ಹೆಸರು ಪ್ಯಾಟ್ರಿಷಿಯಾಸ್ ಹೋಪ್.

ಜನ ಯಾಕೆ ಅಷ್ಟು ಮುಗಿಬಿದ್ದರು ಅಂತ ಕೇಳಿದರೆ ಉತ್ತರ ಸರಳ. ಕುದುರೆ ರೇಸು ಹಗಲು ಹೊತ್ತು, ಊರಾಚೆ. ಕಾರ್ಖಾನೆ ಕೆಲಸದವನಿಗೆ ಎಲ್ಲಿಂದ ಬರಬೇಕು ಪುರುಸೊತ್ತು? ನಾಯಿ ಓಟ ಸಂಜೆ, ಊರೊಳಗೆ, ಕಡಿಮೆ ಟಿಕೆಟ್‌ಗೆ. ಟ್ರ್ಯಾಕಿನ ಹೊರಗೆ ನಗದು ಬಾಜಿ ಕಟ್ಟುವುದು ಆಗ ಕಾನೂನುಬಾಹಿರ, ಟ್ರ್ಯಾಕಿನ ಒಳಗೆ ಕಟ್ಟಬಹುದಿತ್ತು. ಇಂಗ್ಲಿಷಿನಲ್ಲಿ 'ನಾಯಿಗಳ ಕಡೆ ಹೋಯಿತು' ಅಂದರೆ ನಮ್ಮ ನಾಯಿಪಾಡು ಥರ, ಹಾಳಾಯಿತು ಅಂತ ಅರ್ಥ. ಆದರೆ ಆ ಕಾಲದ ಲಂಡನ್ನಿಗ 'ಇವತ್ತು ನಾಯಿಗಳ ಕಡೆ ಹೋಗ್ತೀನಿ' ಅಂದರೆ ಬರೀ ಓಟ ನೋಡಲು ಹೊರಟಿದ್ದಾನೆ ಅಂತ. ಹೆಂಡತಿಗೆ ಮಾತ್ರ ಎರಡೂ ಒಂದೇ ಅನಿಸಿರಬಹುದು.

1961ರಲ್ಲಿ ಬೀದಿಗಳಲ್ಲೇ ಬಾಜಿ ಅಂಗಡಿಗಳು ತೆರೆದವು. ಬಾಜಿ ಕಟ್ಟಲು ಟ್ರ್ಯಾಕಿಗೇ ಹೋಗಬೇಕೆಂಬ ಕಾರಣ ಇಲ್ಲವಾಯಿತು, ಜನ ಕಡಿಮೆಯಾದರು. ಊರೊಳಗಿನ ಜಾಗಕ್ಕೆ ಬೆಲೆ ಜಾಸ್ತಿ, ಒಂದೊಂದೇ ಟ್ರ್ಯಾಕ್ ಮುಚ್ಚಿತು. 1984ರಲ್ಲಿ ವೈಟ್ ಸಿಟಿ ಮುಚ್ಚಿತು, ಆ ಜಾಗ ಬಿಬಿಸಿ ಪಾಲಾಯಿತು. ಡರ್ಬಿ ವಿಂಬಲ್ಡನ್‌ಗೆ ಹೋಯಿತು. ಟೆನಿಸ್ ಕೋರ್ಟ್‌ಗಲ್ಲ, ಅಲ್ಲೇ ಇದ್ದ ನಾಯಿ ಟ್ರ್ಯಾಕಿಗೆ. ಅದೂ 2017ರಲ್ಲಿ ಮುಚ್ಚಿತು. ಇನ್ನೊಂದು ಕಾರಣವೂ ಇದೆ, ಅದನ್ನು ಹೇಳದೆ ಬಿಟ್ಟರೆ ಸರಿಯಲ್ಲ. ಅದೇ ತಿರುವುಗಳಲ್ಲಿ ಕಾಲು ಮುರಿದುಕೊಳ್ಳುವ ನಾಯಿಗಳು, ಓಟ ಮುಗಿದ ಮೇಲೆ ಯಾರಿಗೂ ಬೇಡವಾಗುವ ನಾಯಿಗಳು. ಅಮೆರಿಕದ ಫ್ಲೋರಿಡಾದಲ್ಲಿ 2018ರಲ್ಲಿ ಜನರೇ ಮತ ಹಾಕಿ ಈ ಓಟ ನಿಲ್ಲಿಸಿದರು. ನ್ಯೂಜಿಲೆಂಡ್ 2024ರ ಡಿಸೆಂಬರ್‌ನಲ್ಲಿ ನಿಷೇಧ ತರುವುದಾಗಿ ಹೇಳಿತು. ಮಿಕ್ ಕತೆ ಎಷ್ಟು ಇಷ್ಟವಾದರೂ ಈ ವಿಷಯದಲ್ಲಿ ನಾನು ಅವರ ಪರವೇ.

ಮಿಕ್‌ಗೆ ಮಾತ್ರ ಆ ಗತಿ ಬರಲಿಲ್ಲ. ಓಟ ಬಿಟ್ಟ ಮೇಲೆ ಒಂದು ಸಿನಿಮಾದಲ್ಲೂ ನಟಿಸಿದ, 1939ರಲ್ಲಿ ತೀರಿಕೊಂಡ. ಕಿಲ್ಲೀ ಹಳ್ಳಿಯಲ್ಲಿ ಈಗ ಅವನ ಕಂಚಿನ ಪ್ರತಿಮೆ ಇದೆ. ಅವನ ಚರ್ಮ ತುಂಬಿಸಿಟ್ಟ ದೇಹ ಲಂಡನ್ನಿನ ಹತ್ತಿರದ ಟ್ರಿಂಗ್ ಎಂಬ ಊರಿನ ಮ್ಯೂಸಿಯಂನಲ್ಲಿ, ಗಾಜಿನ ಹಿಂದೆ ನಿಂತಿದೆ.