ಗೇರ್ ಎಣಿಸಬೇಡಿ, ಟೈರ್ ನೋಡಿ

ಸೈಕಲ್ ಅಂಗಡಿಗೆ ಬಂದವರು ಮೊದಲು ಕೇಳುವುದು, "ಅಣ್ಣಾರ, ಇದಕ್ಕ ಗೇರ್ ಎಷ್ಟದಾವ್ರಿ?" ಆಮೇಲೆ ಡಿಸ್ಕ್ ಬ್ರೇಕ್ ಇದೆಯಾ, ಮುಂದೆ ಶಾಕಪ್ ಇದೆಯಾ. ದಿನಾ ಎಲ್ಲಿಂದ ಎಲ್ಲಿಗೆ ಓಡಿಸುತ್ತೀರಿ ಅಂತ ನಾನು ಕೇಳಿದರೆ ಮಾತ್ರ ಉತ್ತರ ಬರುವುದು ತಡ. ಶಾಕಪ್ ತೋರಿಸಿದರೆ ಸೈಕಲ್ ಬೇಗ ಮಾರಾಟ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಅದೇ ಸೈಕಲ್ ರಿಪೇರಿಗೆ ಬಂದಾಗ ಯಾವುದು ಕೆಲಸಕ್ಕೆ ಬಂತು, ಯಾವುದು ಸುಮ್ನೆ ಭಾರ ಅಂತ ಎದುರಿಗೇ ಕಾಣುತ್ತದೆ.

ಮೊದಲು ರಸ್ತೆ. ಹುಬ್ಬಳ್ಳಿ ಬಹುಪಾಲು ಸಪಾಟು. ಧಾರವಾಡ ಹಾಗಲ್ಲ, ಯಾವ ಓಣಿಗೆ ಹೋದರೂ ಒಂದು ಏರು, ಒಂದು ಇಳಿಜಾರು. ನಡುವೆ ಸುಮಾರು 20 ಕಿ.ಮೀ. ಧಾರವಾಡ ಎತ್ತರದಲ್ಲಿದೆ, ಜೊತೆಗೆ ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ. ಅಂದರೆ ಮಳೆಗಾಲದಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟವರಿಗೆ ಏರೂ ಇದೆ, ಗಾಳಿಯೂ ಓರೆಯಾಗಿ ಎದುರಿಗೇ ಬರುತ್ತದೆ, ವಾಪಸ್ ಬರುವಾಗ ಎರಡೂ ಬೆನ್ನಿಗೆ. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ ಇದ್ದವರ ಪಾಡು ಉಲ್ಟಾ, ದಿನವೆಲ್ಲಾ ದುಡಿದು ದಣಿದ ಮೇಲೆ ಸಂಜೆ ಏರು ಹತ್ತಬೇಕು. ಇಂಥವರಿಗೆ ಗೇರ್ ಬೇಕೇ ಬೇಕು. ಕೇಶ್ವಾಪುರದಿಂದ ದುರ್ಗದಬೈಲಿಗೆ ಹೋಗಿ ಬರುವವರಿಗೆ ಬೇಕಾಗಿಲ್ಲ.

ಗೇರ್ ಬೇಕು ಅಂದರೂ ಎಷ್ಟು ಅನ್ನುವುದು ಮುಖ್ಯ ಅಲ್ಲ, ಎಲ್ಲಕ್ಕಿಂತ ಹಗುರ ಗೇರ್ ಎಷ್ಟು ಹಗುರ ಅನ್ನುವುದು ಮುಖ್ಯ. ನಮ್ಮ ಹಳೆ ಕರಿ ಸೈಕಲ್ಲಿಗೆ ಸಾಮಾನ್ಯವಾಗಿ ಮುಂದೆ ಪೆಡಲ್ ಹತ್ತಿರದ ಹಲ್ಲಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18. ಪೆಡಲ್ ಒಂದು ಸುತ್ತು ತುಳಿದರೆ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಸಪಾಟಿನಲ್ಲಿ ಇದು ಹಿತವಾಗಿದೆ, ಏರಿನಲ್ಲಿ ನಿಂತು ತುಳಿಯಬೇಕು. ಮುಂದೆ 28, ಹಿಂದೆ 28 ಹಾಕಿಕೊಂಡರೆ ಒಂದಕ್ಕೆ ಒಂದು, ನವಲೂರಿನ ಏರು ಮಾತಾಡುತ್ತಾ ಹತ್ತಬಹುದು. 21 ಗೇರ್ ಅಂದರೆ ಮುಂದೆ 3, ಹಿಂದೆ 7, ಅದರಲ್ಲಿ ಎಷ್ಟೋ ಒಂದರ ಮೇಲೊಂದು ಬರುತ್ತವೆ, ಬೇರೆ ಬೇರೆ ಅನ್ನಿಸುವುದೇ ಇಲ್ಲ. ಮುಂದೆ ಒಂದೇ ಸಣ್ಣ ಹಲ್ಲಿನ ಚಕ್ರ, ಹಿಂದೆ 7 ಇರುವ ಸೈಕಲ್ ಊರೊಳಗೆ ಸಾಕು, ಕೆಡುವುದೂ ಕಡಿಮೆ.

ಇನ್ನು ಶಾಕಪ್. ಕಡಿಮೆ ಬೆಲೆಯ ಸೈಕಲ್ಲಿನಲ್ಲಿ ಬರುವುದು ಬರೀ ಸ್ಪ್ರಿಂಗ್. ಸ್ಪ್ರಿಂಗ್ ಇಲ್ಲದ ಗಟ್ಟಿ ಫೋರ್ಕಿಗಿಂತ (ಫೋರ್ಕ್ ಅಂದರೆ ಮುಂದಿನ ಚಕ್ರ ಹಿಡಿದ ಕವಲು) ಒಂದು ಕಿಲೋಗೂ ಜಾಸ್ತಿ ಭಾರ, ಏರಿನಲ್ಲಿ ನಿಂತು ತುಳಿದರೆ ನಿಮ್ಮ ಶಕ್ತಿಯನ್ನು ಅದೇ ಕುಡಿಯುತ್ತದೆ, ಧೂಳು ನೀರು ಹೋಗಿ ಒಂದೆರಡು ಮಳೆಗಾಲದಲ್ಲಿ ಒಳಗೇ ತುಕ್ಕು ಹಿಡಿದು ಕೂರುತ್ತದೆ. ಗುಂಡಿ ಬಿದ್ದ ರಸ್ತೆಗೆ ನಿಜವಾದ ಶಾಕಪ್ ಟೈರ್ ಒಳಗಿನ ಹವಾ.

ಟೈರ್ ಸೈಡಿನಲ್ಲಿ ಬರೆದದ್ದನ್ನು ಓದಿ. ಎಂಟಿಬಿಗೆ, ಅಂದರೆ ದಪ್ಪ ಟೈರಿನ ಗುಡ್ಡಗಾಡು ಸೈಕಲ್ಲಿಗೆ, 26 x 2.1 ಅಂತ ಇರುತ್ತದೆ, ಸಪೂರ ಟೈರಿನ ರೇಸ್ ಮಾದರಿಯ ರೋಡ್ ಬೈಕಿಗೆ 700 x 25 ಅಥವಾ 28, ಇವೆರಡರ ನಡುವಿನ ಹೈಬ್ರಿಡ್‌ಗೆ 700 x 35 ಅಥವಾ 38. ಕೊನೆಯ ಅಂಕಿ ಟೈರಿನ ಅಗಲ, ಎಂಟಿಬಿಯದು ಇಂಚಿನಲ್ಲಿ, ಉಳಿದೆರಡು ಎಂಎಂನಲ್ಲಿ. ತಮಾಷೆ ಏನು ಗೊತ್ತಾ, ಅಪ್ಪ ಅಜ್ಜ ತುಳಿದ ಕರಿ ಸೈಕಲ್ಲಿನ ಟೈರ್ 28 x 1½. ಒಂದೂವರೆ ಇಂಚು ಅಂದರೆ 38 ಎಂಎಂ! ಇವತ್ತು ಹೈಬ್ರಿಡ್ ಅಂತ ಮಾರುವ ಸೈಕಲ್ಲಿನದೂ ಅದೇ ಅಗಲ. ನಮ್ಮ ರಸ್ತೆಗೆ ಯಾವ ಟೈರ್ ಸರಿ ಅನ್ನುವುದು ಯಾವತ್ತೋ ತೀರ್ಮಾನ ಆಗಿತ್ತು, ನಡುವೆ ನಾವೇ ದಾರಿ ತಪ್ಪಿದೆವು. ನನ್ನ ಮಾತು ಕೇಳುವುದಾದರೆ ಆಫೀಸಿಗೆ ಓಡಿಸುವವರು ಗಟ್ಟಿ ಫೋರ್ಕಿನ, 35ರಿಂದ 42 ಎಂಎಂ ಟೈರಿನ, ಮಡ್‌ಗಾರ್ಡ್ ಮತ್ತು ಕ್ಯಾರಿಯರ್ ಕೂರಿಸಲು ತೂತು ಇರುವ ಹೈಬ್ರಿಡ್ ತಗೊಳ್ಳಿ. ಮನೆಯಲ್ಲಿ ಈಗಾಗಲೇ ಎಂಟಿಬಿ ಇದೆಯಾ? ಮಾರಬೇಡಿ. ಗಂಟುಗಂಟಿನ ಟೈರ್ ತೆಗೆದು 26 x 1.75ರ ನುಣುಪು ಟೈರ್ ಹಾಕಿಸಿ. ಡಾಂಬರಿನ ಮೇಲೆ ಬರುವ ಆ ಗುಂಯ್ ಸದ್ದು ನಿಲ್ಲುತ್ತದೆ, ಸೈಕಲ್ ಹಗುರಾಗಿ ಓಡುತ್ತದೆ.

ಹವಾ ವಿಷಯಕ್ಕೆ ಹೆಬ್ಬೆರಳು ನಂಬಬೇಡಿ. 35 ಎಂಎಂ ಟೈರಿಗೆ ನಿಮ್ಮ ತೂಕ ನೋಡಿ 55ರಿಂದ 70 ಪಿಎಸ್‌ಐ (ಹವಾ ಒತ್ತಡದ ಅಳತೆ), ಎಂಟಿಬಿಗೆ 35ರಿಂದ 50. ಮೀಟರ್ ಇರುವ ಪಂಪ್ ಒಂದು ಮನೆಯಲ್ಲಿರಲಿ.

ಪಂಚರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಮೊಳೆಗಿಂತ ನೆಗ್ಗಿನಮುಳ್ಳಿನ ಕಾಟ ಜಾಸ್ತಿ. ಮಳೆ ಮುಗಿದು ಬಳ್ಳಿ ಒಣಗಿದ ಮೇಲೆ ಕಾಯಿ ರಸ್ತೆ ಬದಿಗೆ ಉದುರಿ ಬಿದ್ದಿರುತ್ತದೆ. ಟೈರಿಗೆ ಚುಚ್ಚಿ ಕಾಯಿ ಮುರಿದು ಹೋಗುತ್ತದೆ, ಮುಳ್ಳಿನ ತುದಿ ಮಾತ್ರ ರಬ್ಬರ್ ಒಳಗೆ ಉಳಿಯುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಟ್ಯೂಬಿಗೆ ಪ್ಯಾಚ್ ಹಾಕಿ ಹಾಗೇ ಕೂರಿಸಿದರೆ ಮರುದಿನ ಮತ್ತೆ ಪಂಚರ್, ಬೈಗುಳ ಪಂಚರ್ ಅಂಗಡಿಯವನಿಗೆ. ಟೈರ್ ಬಿಚ್ಚಿದಾಗ ಒಂದು ಉಂಡೆ ಹತ್ತಿ ತಗೊಂಡು ಒಳಗೆ ಸುತ್ತಲೂ ಮೆಲ್ಲಗೆ ಸವರಿ. ಎಳೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಮುಳ್ಳಿದೆ. ಇಕ್ಕಳದಿಂದ ಒಳಗಿನಿಂದಲೇ ಎಳೆಯಿರಿ. ಬೆರಳಿನಿಂದ ಹುಡುಕಿದರೆ ಬೆರಳಿಗೂ ಪಂಚರ್ ಆಗುತ್ತದೆ.

ಡಿಸ್ಕ್ ಬ್ರೇಕ್ ಪೂರ್ತಿ ದಂಡ ಅಂತ ನಾನು ಹೇಳುವುದಿಲ್ಲ. ಊರೊಳಗೆ ವಿ-ಬ್ರೇಕ್, ಅಂದರೆ ಚಕ್ರದ ರಿಮ್ಮನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಬ್ರೇಕ್, ಧಾರಾಳ ಸಾಕು, ರಬ್ಬರ್ ಕಟ್ಟೆ ಸವೆದರೆ ಯಾವ ಅಂಗಡಿಯಲ್ಲೂ ಸಿಗುತ್ತದೆ. ಆದರೆ ನವಲಗುಂದ, ಅಣ್ಣಿಗೇರಿ, ಗದಗ ಕಡೆಯವರ ಕಥೆ ಬೇರೆ. ಅಲ್ಲಿ ಎರೆ ಮಣ್ಣು. ಮಳೆಯಲ್ಲಿ ಹೊಲದ ದಾರಿಗೆ ಇಳಿದರೆ ಮಣ್ಣು ಟೈರಿಗೆ ಸುತ್ತಿಕೊಂಡು, ಬ್ರೇಕಿನ ಹತ್ತಿರ, ಮಡ್‌ಗಾರ್ಡ್ ಒಳಗೆ ಗಟ್ಟಿಯಾಗಿ ತುಂಬಿ, ಚಕ್ರ ತಿರುಗುವುದನ್ನೇ ನಿಲ್ಲಿಸುತ್ತದೆ, ಕೊನೆಗೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ಬರಬೇಕು. ರಿಮ್ ಹತ್ತಿರ ಬ್ರೇಕ್ ಇಲ್ಲದಿದ್ದರೆ ಮಣ್ಣು ಕೂರುವ ಜಾಗ ಕಡಿಮೆ, ಹಾಗಾಗಿ ಅಲ್ಲಿ ಡಿಸ್ಕ್ ಸರಿ. ಟೈರಿಗೂ ಫೋರ್ಕಿಗೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಇರುವ ಸೈಕಲ್ ಆರಿಸಿಕೊಳ್ಳಿ.

ಕರಿ ಸೈಕಲ್ ಕಾಲ ಮುಗಿಯಿತು ಅನ್ನುವವರಿದ್ದಾರೆ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಫ್ಯಾಕ್ಟರಿ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ನಿಂತುಹೋಯಿತು ನಿಜ. ಆದರೂ ಹಾಲಿನ ಕ್ಯಾನ್ ಹೇರಲು, ಮೇವಿನ ಹೊರೆ ತರಲು ಅದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್‌ಗಳೂ ಹಳ್ಳಿಗಳಲ್ಲಿ ಇನ್ನೂ ಓಡುತ್ತಿವೆ, ಈಗ ತುಳಿಯುವವರು ಅಪ್ಪಂದಿರು. ಅಂದಹಾಗೆ, ನಡುವೆ ಅಡ್ಡ ಪೈಪ್ ಇಲ್ಲದ ಲೇಡೀಸ್ ಫ್ರೇಮ್ ಕಂಡರೆ ಗಂಡಸರಿಗೆ ನಾಚಿಕೆ. ಧೋತರ ಉಡುವವರು, ಮೊಣಕಾಲು ನೋವಿರುವವರು ನಾಚಿಕೆ ಬಿಟ್ಟು ಅದನ್ನೇ ತಗೊಳ್ಳಿ.

ರೋಡ್ ಬೈಕ್ ಭಾನುವಾರದ ಖುಷಿಗೆ. ಬೆಳಿಗ್ಗೆ ಕೆಲಗೇರಿ ಕೆರೆ ದಾಟಿ ಹೋಗಿ ಬರಲು, ಹಳಿಯಾಳ ರಸ್ತೆಯಲ್ಲಿ ದೂರ ಹೋಗಲು ಚೆನ್ನಾಗಿರುತ್ತದೆ. ಇರುವುದೊಂದೇ ಸೈಕಲ್ ಅಂತಾದರೆ ಬೇಡ. ಮತ್ತೆ ಯಾವ ಸೈಕಲ್ ಆದರೂ ಬೈಪಾಸ್ ಕಡೆ ಹೋಗಲೇಬೇಡಿ.

ಏರು ಆಗುವುದೇ ಇಲ್ಲ ಅನ್ನುವವರಿಗೆ ಬ್ಯಾಟರಿ ಸೈಕಲ್ ಇದೆ. ಮೋಟಾರ್ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಲೈಸೆನ್ಸ್, ನೋಂದಣಿ ಬೇಡ. ಬ್ಯಾಟರಿ ಮುಗಿದ ಮೇಲೆ ತುಳಿಯಲು ಎಷ್ಟು ಭಾರ ಅಂತ ಅಂಗಡಿಯಲ್ಲೇ, ಸ್ವಿಚ್ ಆಫ್ ಮಾಡಿ ಒಂದು ಸುತ್ತು ಹೊಡೆದು ನೋಡಿ.

ಸೈಜ್ ಮಾತ್ರ ಮರೆಯಬೇಡಿ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ಒತ್ತಿದಾಗ ಕಾಲು ನೆಟ್ಟಗಾಗಬೇಕು. "ಮುಂದಿನ ವರ್ಷಕ್ಕೂ ಆಗ್ತದ, ದೊಡ್ಡದೇ ಕೊಡ್ರಿ" ಅಂತ ಮಕ್ಕಳಿಗೆ ದೊಡ್ಡ ಸೈಕಲ್ ಕೊಡಿಸುವ ತಂದೆ ತಾಯಿಗೆ ಹೇಳಿ ಹೇಳಿ ಸಾಕಾಗಿದೆ. ಕಾಲು ನೆಲಕ್ಕೆ ಎಟುಕದ ಹುಡುಗ ಟ್ರಾಫಿಕ್‌ನಲ್ಲಿ ಎಲ್ಲಿ ಬೀಳುತ್ತಾನೋ ಹೇಳಲಾಗುವುದಿಲ್ಲ.

ಚೈನಿಗೆ ಅಡುಗೆ ಮನೆಯ ಕುಸುಬಿ ಎಣ್ಣೆ ಬಿಡಬೇಡಿ, ಅದು ಒಣಗಿ ಅಂಟಾಗುತ್ತದೆ, ಧೂಳು ಹಿಡಿಯುತ್ತದೆ. ಚೈನ್ ಸವೆದಷ್ಟೂ ಉದ್ದವಾಗುತ್ತದೆ, ಸ್ಕೂಲ್ ಸ್ಕೇಲ್ ಇಟ್ಟು ಪಿನ್ನಿನಿಂದ ಪಿನ್ನಿಗೆ ಅಳೆಯಿರಿ. ಸರಿಯಿದ್ದರೆ 24 ಕೊಂಡಿಗೆ 12 ಇಂಚು. ಅದಕ್ಕಿಂತ 1/16 ಇಂಚು ಜಾಸ್ತಿ ಬಂದರೆ ಚೈನ್ ಬದಲಿಸಿ, 1/8 ದಾಟಲು ಬಿಟ್ಟರೆ ಫ್ರೀವೀಲ್, ಅಂದರೆ ಹಿಂದಿನ ಹಲ್ಲಿನ ಚಕ್ರದ ಖರ್ಚೂ ಸೇರುತ್ತದೆ. ಹೊಸ ಸೈಕಲ್ ಒಂದು ತಿಂಗಳು ಓಡಿದ ಮೇಲೆ ಅಂಗಡಿಗೆ ತನ್ನಿ, ಅಷ್ಟರಲ್ಲಿ ಚಕ್ರದ ಕಡ್ಡಿ, ಕೇಬಲ್ ಸಡಿಲ ಆಗಿರುತ್ತವೆ. ಬಿಗಿ ಮಾಡಲು ಅರ್ಧ ಗಂಟೆ ಸಾಕು, ಸಂಜೆ ಮಾತ್ರ ಬರಬೇಡಿ, ಆಗ ಗದ್ದಲ ಜಾಸ್ತಿ.