ಸ್ಪಿತಿಯಲ್ಲಿ ಸಿಕ್ಕ ಸುರುಳಿಕಲ್ಲು ಬಸವನಹುಳುವೇ?

ಪ್ರಶ್ನೆ: ಹಿಮಾಚಲದ ಸ್ಪಿತಿ ಕಣಿವೆಯ ಲಾಂಗ್ಜಾ ಊರಿನ ಬಳಿ ನಡೆಯುವಾಗ ಒಡೆದ ಕಪ್ಪು ಉಂಡೆಕಲ್ಲೊಂದು ಕಂಡಿತು. ಒಳಗೆ ಸುರುಳಿಯಿದೆ. ಸಮುದ್ರದ ಬಸವನಹುಳು ಕಲ್ಲಾದದ್ದೇ ಇದು?

ಉತ್ತರ: ಅಲ್ಲ, ಅದು ಅಮೊನೈಟ್, ಎಂದೋ ಅಳಿದುಹೋದ ಚಿಪ್ಪಿನ ಸಮುದ್ರಜೀವಿ. ಬೇಸಿಗೆಯ ಚಾರಣಗಳು ಮುಗಿದೊಡನೆ ಈ ಪ್ರಶ್ನೆ ಬಂದೇ ಬರುತ್ತದೆ. ಕಲ್ಲಿನ ಚಿತ್ರ ಪ್ರತಿ ಸಲ ಬೇರೆ, ಬಸವನಹುಳು ಮಾತ್ರ ಅದೇ. ನಾಲ್ಕು ಸಾವಿರ ಮೀಟರ್ ಎತ್ತರಕ್ಕೆ ಸಮುದ್ರಜೀವಿ ಹೇಗೆ ಹತ್ತಿತೆಂದು ಈಗ ಯಾರೂ ಕೇಳುವುದಿಲ್ಲ. ಹಿಮಾಲಯದ ಜಾಗದಲ್ಲಿ ಹಿಂದೆ ಇದ್ದ ಟೆಥಿಸ್ ಸಾಗರದ ತಳವೇ ಮೇಲೆದ್ದ ಕಥೆ ಶಾಲೆಯಲ್ಲೇ ತಲೆಗೆ ಹತ್ತಿದೆ, ಸಂತೋಷ. ಕಾಟವೆಲ್ಲ ಬಸವನಹುಳುವಿನದೇ.

ಮನೆಯಲ್ಲಿ ಪೂಜೆಯ ಶಂಖವಿದ್ದರೆ ಕೈಗೆತ್ತಿಕೊಳ್ಳಿ. ಅದು ಬಸವನಹುಳುವಿನ ಕುಲದ್ದು. ಸುತ್ತುಗಳು ಒಂದರ ಮೇಲೊಂದು ಏರಿ ಗೋಪುರವಾಗಿವೆ. ಈಗ ಒಂದು ಚಕ್ಕುಲಿ ನೋಡಿ. ಸುತ್ತುಗಳೆಲ್ಲ ಒಂದೇ ಮಟ್ಟದಲ್ಲಿವೆ, ಮಗುಚಿ ಹಾಕಿದರೂ ಅದೇ ರೂಪ. ನಿಮ್ಮ ಕಲ್ಲು ಚಕ್ಕುಲಿಯ ಪಕ್ಷ. "ಕೊಳದಲ್ಲಿ ಚಪ್ಪಟೆ ಬಸವನಹುಳುವೂ ಇರುತ್ತದಲ್ಲ" ಎಂದು ಹಿಂದೊಬ್ಬರು ವಾದಿಸಿದ್ದರು. ಇರುತ್ತದೆ, ಒಪ್ಪಿದೆ. ಅದಕ್ಕೇ ಹೊರರೂಪ ಸಾಲದು, ಒಳಗೆ ನೋಡಬೇಕು.

ಬಸವನಹುಳುವಿನ ಚಿಪ್ಪು ಸಾಮಾನ್ಯವಾಗಿ ಅಡ್ಡಗೋಡೆಯಿಲ್ಲದ ಒಂದೇ ಕೊಳವೆ. ಅಮೊನೈಟ್ ಹಾಗಲ್ಲ. ಬೆಳೆದಂತೆಲ್ಲ ಮುಂದಕ್ಕೆ ಸರಿದು ಬೆನ್ನ ಹಿಂದೊಂದು ಗೋಡೆ ಕಟ್ಟುತ್ತಿತ್ತು. ವಾಸ ಕೊನೆಯ ಕೋಣೆಯಲ್ಲಿ ಮಾತ್ರ. ಹಿಂದಿನ ಕೋಣೆಗಳನ್ನೆಲ್ಲ ಪೋಣಿಸಿದ ಸಣ್ಣ ನಾಳದಿಂದ ನೀರನ್ನು ಹೊರತೆಗೆದು, ಖಾಲಿ ಜಾಗದಲ್ಲಿ ಅನಿಲ ತುಂಬಿಕೊಂಡು ತೇಲುತ್ತಿತ್ತು. ಮೇಲಿನ ಚಿಪ್ಪು ಸವೆದ ಕಡೆ ಆ ಗೋಡೆಗಳ ಅಂಚು ಕೊತ್ತಂಬರಿ ಎಲೆಯ ಅಂಚಿನಂತೆ ಸೀಳು ಸೀಳಾಗಿ ಕಾಣುತ್ತದೆ. ಆ ಗೆರೆಯೇ ಅಮೊನೈಟಿನ ಸಹಿ, ಬಸವನಹುಳು ಅದನ್ನು ನಕಲು ಮಾಡಲಾರದು. ನಿಮ್ಮ ಎರಡನೆಯ ಚಿತ್ರದಲ್ಲಿ, ಮುರಿದ ಜಾಗದ ಪಕ್ಕದಲ್ಲೇ, ಅದು ಸ್ಪಷ್ಟವಾಗಿದೆ. ಇದರ ಹತ್ತಿರದ ನೆಂಟರು ಆಕ್ಟೋಪಸ್ ಮತ್ತು ಮಂಗಳೂರಿನ ಮೀನು ಮಾರುಕಟ್ಟೆಯ ಬೊಂಡಾಸ್, ಅಂದರೆ ಸ್ಕ್ವಿಡ್. ಬಸವನಹುಳುವೂ ಮೃದ್ವಂಗಿಯೇ, ಆದರೆ ಮದುವೆಗೆ ಕರೆಯಲು ಮರೆತರೂ ನಡೆಯುವಷ್ಟು ದೂರದ ಸಂಬಂಧ.

ಯಾವ ಜಾತಿಯ ಅಮೊನೈಟ್ ಎಂದು ಈ ಚಿತ್ರಗಳಿಂದ ಹೇಳಲಾಗದು. ಚಿಪ್ಪಿನ ಮೇಲೆ ಪಕ್ಕೆಲುಬಿನಂತೆ ಉಬ್ಬಿದ ಗೆರೆಗಳು ಹೊರಅಂಚಿನ ಬಳಿ ಕವಲೊಡೆಯುತ್ತವೆಯೇ, ಅಂಚು ದುಂಡಗಿದೆಯೇ ಚೂಪಾಗಿದೆಯೇ ನೋಡಬೇಕು. ಅಂಚಿನ ಕಡೆಯಿಂದ, ನಾಣ್ಯವಿಟ್ಟು ತೆಗೆದ ಚಿತ್ರವಿದ್ದರೆ ಕಳಿಸಿ. ಕಲ್ಲನ್ನು ಅಲ್ಲಿಯೇ ಬಿಟ್ಟು ಬಂದಿದ್ದೀರೆಂದು ನಂಬಿದ್ದೇನೆ. ಇಂಥ ಉಂಡೆಗಳು ಉದುರುವುದು ಸ್ಪಿತಿ ಶೇಲ್ ಎಂಬ ಕಪ್ಪು ಪದರದಿಂದ. ವಯಸ್ಸು ಸುಮಾರು 15 ಕೋಟಿ ವರ್ಷ. ನೇಪಾಳದ ಕಾಳಿ ಗಂಡಕಿಯ ಸಾಲಿಗ್ರಾಮಗಳೂ ಇಂಥ ಕಲ್ಲಿನವೇ. ಅಲ್ಲಿ ಚಕ್ರವೆಂದು ಪೂಜೆಗೊಳ್ಳುವುದು ಈ ಸುರುಳಿ. ಹಾಗೆಂದು ಮನೆಯ ಸಾಲಿಗ್ರಾಮವನ್ನು ಒಡೆದು ನೋಡಲು ಹೋಗಬೇಡಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಬೆಂಗಳೂರಿನ ಬಂಡೆಗಳಲ್ಲಿ ಇದೇಕೆ ಸಿಗದು? ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅಮೊನೈಟ್ ವಂಶ ಹುಟ್ಟಿದ್ದು ಸುಮಾರು 40 ಕೋಟಿ ವರ್ಷಗಳ ಹಿಂದೆ, ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಸಾಲದ್ದಕ್ಕೆ ಆ ಬಂಡೆ ಭೂಮಿಯಾಳದ ಬಿಸಿಯಲ್ಲಿ ಬೆಂದು ಬಂದದ್ದು. ಬಾಗಲಕೋಟೆ ಕಡೆಯ ಕಲಾದಗಿ ಸುಣ್ಣಕಲ್ಲಿನಲ್ಲಿ ಹಳೆಯ ಸಮುದ್ರದ ಗುರುತಿದೆ, ಆದರೆ ಅವು ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳು, ಎಲೆಕೋಸನ್ನು ಅಡ್ಡ ಕೊಯ್ದಂತೆ ಕಾಣುತ್ತವೆ. ಅಮೊನೈಟೇ ಬೇಕೆಂದರೆ ತಮಿಳುನಾಡಿನ ತಿರುಚ್ಚಿ ಮತ್ತು ಅರಿಯಲೂರಿನ ಕಡೆ ಹೋಗಬೇಕು. ಅಲ್ಲಿ ಟರಿಲೈಟಿಸ್ ಎಂಬ ಒಂದು ಅಮೊನೈಟ್ ಇದೆ, ಚಕ್ಕುಲಿಯ ನಿಯಮ ಮುರಿದು ಶಂಖದಂತೆಯೇ ಮೇಲೇರಿ ಸುತ್ತುತ್ತದೆ. ಅದರ ಚಿತ್ರ ಕಳಿಸಿ ಬಸವನಹುಳುವೇ ಎಂದು ಕೇಳಿದರೆ ನಾನು ರೇಗುವುದಿಲ್ಲ.